ಕೆಂಪು ಪಾಚಿಗೂ ಪತ್ರಹರಿತ್ತು ಇದ್ದರೆ ಅದು ಹಸಿರಾಗಿ ಯಾಕಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಡಲ ದಡದಲ್ಲಿ ಹೆಕ್ಕಿದ ಕೆಂಪು ಪಾಚಿ ತಂದು ಒಬ್ಬ ಹುಡುಗಿ ಕೇಳಿದಳು, "ಇದು ಆಹಾರ ಹೇಗೆ ತಯಾರಿಸುತ್ತೆ?" ಇದರಲ್ಲೂ ಪತ್ರಹರಿತ್ತು ಇದೆ ಎಂದೆ. "ಹಾಗಾದ್ರೆ ಹಸಿರು ಯಾಕಿಲ್ಲ?" ಎಂದಳು. ಅವಳಿಗೆ ಸರಿಯಾಗಿ ತಿಳಿಸಬೇಕು.

ಉತ್ತರ: ಸರ್, ನೀವು ಹೇಳಿದ್ದು ಸರಿ. ಕ್ಲೋರೋಫಿಲ್ 'ಎ' ಎಂಬ ಪತ್ರಹರಿತ್ತು ಕೆಂಪು ಪಾಚಿಯಲ್ಲೂ ಇದೆ, ಮಾವಿನ ಎಲೆಯಲ್ಲೂ ಇದೆ. ಮಳೆನೀರು ಹಿಡಿಯುವುದನ್ನು ನೆನೆಸಿಕೊಳ್ಳಿ. ತೊಟ್ಟಿ ಒಂದೇ, ನೀರು ಇಳಿದು ಬರುವ ಮಾಡು ಬೇರೆ ಬೇರೆ. ಬೆಳಕನ್ನು ಕೆಲಸಕ್ಕೆ ಹಚ್ಚುವ ಕೇಂದ್ರ 200 ಕೋಟಿ ವರ್ಷಕ್ಕೂ ಮೀರಿ ಹೆಚ್ಚು ಬದಲಾಗಿಲ್ಲ. ಸುತ್ತ ನಿಂತು ಬೆಳಕು ಕೂಡಿಸಿಕೊಡುವ ಬಣ್ಣಗಳು ಮಾತ್ರ ತುಂಬಾ ಬದಲಾಗಿವೆ. ಇವುಗಳನ್ನು ಆಂಟೆನಾ ಎನ್ನುತ್ತೇವೆ.

ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಆಳಕ್ಕೆ ಇಳಿದಂತೆ ನೀಲಿ, ಹಸಿರು ಉಳಿಯುತ್ತವೆ. ಹಸಿರನ್ನು ಹಿಡಿಯುವುದರಲ್ಲಿ ಕ್ಲೋರೋಫಿಲ್ ದುರ್ಬಲ. ಆ ಕೆಲಸ ಫೈಕೋಎರಿತ್ರಿನ್ ಎಂಬ ಕೆಂಪು ಪ್ರೋಟೀನಿನದು. ಅದರ ಕೆಂಪಿನಲ್ಲಿ ಪತ್ರಹರಿತ್ತಿನ ಹಸಿರು ಮರೆಯಾಗುತ್ತದೆ. ಈ ಬಗೆಯ ಆಂಟೆನಾ ಸಯಾನೋಬ್ಯಾಕ್ಟೀರಿಯಾದಿಂದ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಪುರಾತನ ಬ್ಯಾಕ್ಟೀರಿಯಾದಿಂದ, ಬಂದ ಆಸ್ತಿ. ಬಹಾಮಾಸ್ ಬಳಿ 268 ಮೀಟರ್ ಆಳದಲ್ಲೂ ಕೆಂಪು ಪಾಚಿ ಬದುಕಿರುವುದು ಸಿಕ್ಕಿದೆ! ಆದರೆ ಕೆಂಪು ಎಂದರೆ ಆಳದ್ದು ಅಂತ ಮಕ್ಕಳಿಗೆ ಹೇಳಬೇಡಿ. ದಡದ ಬಂಡೆಯ ಮೇಲೂ ಕೆಂಪು ಪಾಚಿ ಬೆಳೆಯುತ್ತದೆ.

ಹಸಿರು ಪಾಚಿಗಳ ಕುಲ ಆ ಹಳೆಯ ಆಂಟೆನಾ ಬಿಟ್ಟು, ಕ್ಲೋರೋಫಿಲ್ 'ಬಿ' ಸೇರಿಸಿಕೊಂಡಿತು. ನೆಲದ ಗಿಡಗಳು ಬಂದದ್ದು ಆ ಕುಲದಿಂದ.

ಒಂದು ಚೂರು ಪಾಚಿಯನ್ನು ತುಂಬಾ ಬಿಸಿ ನೀರಿಗೆ ಹಾಕಿ ನೋಡಿ. ಕೆಂಪು ಪ್ರೋಟೀನು ಶಾಖಕ್ಕೆ ಕೆಡುತ್ತದೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನೆರಳಿನ ಮರ ಕಡಿದ ಮೇಲೆ ನಮ್ಮ ಏಲಕ್ಕಿ ಎಲೆ ಬಿಳಿಚಿಕೊಂಡಿತು. ಇದೂ ಆಂಟೆನಾ ವಿಷಯವೇ?

ಉತ್ತರ: ಹೆಚ್ಚುಪಾಲು ಹೌದು. ನೆರಳಿನ ಎಲೆ ಸಿಕ್ಕಷ್ಟೂ ಬೆಳಕು ಬಾಚಲು ದೊಡ್ಡ ಆಂಟೆನಾ ಕಟ್ಟಿಕೊಂಡಿರುತ್ತದೆ. ಒಮ್ಮೆಲೇ ಬಿಸಿಲು ಬಿದ್ದರೆ ಬಳಸಲಾಗದಷ್ಟು ಬೆಳಕು ಬಂದು ಬೀಳುತ್ತದೆ, ಎಲೆಯ ಒಳಗನ್ನೇ ಸುಡುತ್ತದೆ. ನೆಲಕ್ಕೆ ಬಂದ ಗಿಡಗಳಿಗೆ ಬೆಳಕು ಹಿಡಿಯುವುದಷ್ಟೇ ಅಲ್ಲ, ಜಾಸ್ತಿಯಾದದ್ದನ್ನು ಶಾಖವಾಗಿ ಹೊರಹಾಕುವುದೂ ಅಷ್ಟೇ ಮುಖ್ಯವಾಯಿತು. ಪಿಎಸ್‌ಬಿಎಸ್ ಎಂಬ ಪ್ರೋಟೀನು ಇದಕ್ಕೇ ಇದೆ. ಜಾಸ್ತಿ ಬೆಳಕನ್ನು ಹೊರಹಾಕುವ ಪಾಚಿಯ ಹಳೆಯ ಉಪಾಯ, ಗಿಡಗಳ ಈ ಹೊಸ ಉಪಾಯ ಎರಡೂ ಒಂದು ಹಾವಸೆ (ಮಾಸ್) ಸಸ್ಯದಲ್ಲಿ ಒಟ್ಟಿಗೆ ಸಿಕ್ಕಿವೆ. ನನಗೆ ತುಂಬಾ ಇಷ್ಟದ ಸಂಗತಿ ಇದು. ಸದ್ಯಕ್ಕೆ ನೆರಳು ಕಟ್ಟಿ. ಮುಂದೆ ಮರದ ಕೊಂಬೆ ಸವರುವುದಾದರೆ ಸ್ವಲ್ಪ ಸ್ವಲ್ಪವೇ ಮಾಡಿ. ಹೊಸ ಎಲೆ ಬಿಸಿಲಿಗೆ ಹೊಂದಿಕೊಂಡೇ ಬರುತ್ತದೆ.

ಶಿಕ್ಷಕರು: ಬಿಸಿ ನೀರಿಗೆ ಹಾಕಿದೆವು ಮೇಡಂ. ಹಸಿರಾಯಿತು! ಅವಳೇ ಎಲ್ಲರಿಗೂ ತೋರಿಸಿದಳು.