ಎಂಪಿಎನ್ ರೋಗಿಗಳಲ್ಲಿ ಜಾಕ್2 46/1 ಇಷ್ಟೊಂದು ಹೆಚ್ಚು ಕಂಡರೆ ನಂಬಬಹುದಾ?

ಪ್ರಶ್ನೆ
ರೋಗಿಗಳ ರಕ್ತದಿಂದ ಡಿಎನ್‌ಎ ತೆಗೆದು ಜನರಲ್ಲಿ ಅಕ್ಷರ ಬೇರೆ ಬೇರೆ ಇರುವ ಮೂರು ಜಾಗ ನೋಡಿದ್ದೇವೆ: ಪ್ರತಿರಕ್ಷಣಾ ಸಂಕೇತದ ಜೀನ್‌ಗಳಾದ ಟಿಎನ್‌ಎಫ್‌ನ −308 (ಜಿ/ಎ) ಮತ್ತು ಐಎಲ್-10ರ −3575 (ಟಿ/ಎ), ಜಾಕ್2 ಜೀನ್‌ನ 46/1 ಹ್ಯಾಪ್ಲೋಟೈಪ್ (ಒಟ್ಟಿಗೇ ಬರುವ ಅಕ್ಷರಗಳ ಕಟ್ಟು). ರೋಗಿಗಳಲ್ಲಿ ಲಿಂಫೋಮಾ (ಲಿಂಫ್ ಕೋಶಗಳ ಕ್ಯಾನ್ಸರ್) ಇರುವವರೂ ಎಂಪಿಎನ್ (ಅಸ್ಥಿಮಜ್ಜೆ ರಕ್ತಕಣಗಳನ್ನು ಅತಿಯಾಗಿ ಹುಟ್ಟಿಸುವ ರಕ್ತ ಕ್ಯಾನ್ಸರ್‌ಗಳು) ಇರುವವರೂ ಇದ್ದಾರೆ. ಎಂಪಿಎನ್‌ನವರಲ್ಲಿ 46/1 ಎರಡೂ ಪ್ರತಿಯಲ್ಲಿ ಇರುವವರು ವಿಪರೀತ. ಇದನ್ನು ಅನುವಂಶೀಯ ಅಪಾಯ ಅಂತ ಬರೆಯಬಹುದೇ?

ಉತ್ತರ 1
ಈಗಲೇ ಬೇಡ. 46/1 ಇದ್ದರೆ ಎಂಪಿಎನ್ ಅಪಾಯ ಹೆಚ್ಚು ಎನ್ನುವುದು 2009ರಿಂದ ಗೊತ್ತಿರುವ ಮಾತೇ. ಆದರೆ ನೀವು ಓದಿರುವುದು ಹುಟ್ಟಿನಿಂದ ಬಂದ ಜೀನೋಟೈಪ್ ಒಂದೇ ಅಲ್ಲ, ಅದರಲ್ಲಿ ರೋಗದ ಕೋಶಗಳೂ ಬೆರೆತಿವೆ. ಎಂಪಿಎನ್‌ನಲ್ಲಿ ಕಾಣುವ ಜಾಕ್2ನ ವಿ617ಎಫ್ ಮ್ಯುಟೇಶನ್ ಹೆಚ್ಚಾಗಿ 46/1 ಇರುವ ಕ್ರೋಮೋಸೋಮಿನ ಮೇಲೆಯೇ ಹುಟ್ಟುತ್ತದೆ. ಆಮೇಲೆ ಕೋಶ ಒಡೆಯುವಾಗ ಜಾಕ್2 ಇರುವ 9ಪಿ (9ನೇ ಕ್ರೋಮೋಸೋಮಿನ ಗಿಡ್ಡ) ತೋಳಿನ ಎರಡೂ ಪ್ರತಿ ಅದೊಂದರದ್ದೇ ಆಗಿಬಿಡುವುದುಂಟು. ಕೆಂಪು ರಕ್ತಕಣ ಹೆಚ್ಚುವ ಎಂಪಿಎನ್ ಆದ ಪಾಲಿಸೈಥೀಮಿಯಾ ವೇರಾದಲ್ಲಂತೂ ಇದು ಸಾಮಾನ್ಯ. ಹುಟ್ಟಿನಲ್ಲಿ ಒಂದೇ ಪ್ರತಿ ಇದ್ದವರೂ ಹೀಗೆ ಎರಡು ಪ್ರತಿಯವರಾಗಿ ಕಾಣುತ್ತಾರೆ.

ಚರ್ಮದ 3 ಮಿ.ಮೀ. ಪಂಚ್ ಬಯಾಪ್ಸಿ ತೆಗೆದು, ಫೈಬ್ರೋಬ್ಲಾಸ್ಟ್ (ರಕ್ತಕ್ಕೆ ಸೇರದ ಚರ್ಮದ ಕೋಶ) ಬೆಳೆಸಿ, ಅದರ ಡಿಎನ್‌ಎ ಓದುವುದು ಸರಿಯಾದ ದಾರಿ. ಕೆಲವು ವಾರ ಹಿಡಿಯುತ್ತದೆ. ಎಂಪಿಎನ್‌ಗೆ ಮಾತ್ರವಾದರೆ ರಕ್ತದಿಂದ ಸಿಡಿ3 ಟಿ-ಕೋಶ (ಸಾಮಾನ್ಯವಾಗಿ ರೋಗಕ್ಕೆ ಸೇರದ ಬಿಳಿ ರಕ್ತಕಣ) ಬೇರ್ಪಡಿಸಿದರೂ ನಡೆಯುತ್ತದೆ. ಲಾಲಾರಸ ಬೇಡ, ಅದರಲ್ಲಿ ಬಿಳಿ ರಕ್ತಕಣ ತುಂಬಿರುತ್ತವೆ. ದಾನಿಯ ಅಸ್ಥಿಮಜ್ಜೆ ಕಸಿಯಾದವರ ರಕ್ತ ಓದಿದರೆ ದಾನಿಯ ಜೀನೋಟೈಪೇ ಸಿಗುತ್ತದೆ.

ಉತ್ತರ 2
ಲಿಂಫೋಮಾದವರ ರಕ್ತದಲ್ಲಿ ಗೆಡ್ಡೆಯ ಕೋಶ ಸಾಮಾನ್ಯವಾಗಿ ಕಡಿಮೆ, ಅಲ್ಲಿ ಈ ತೊಂದರೆ ಅಷ್ಟಿಲ್ಲ. ಆದರೆ ಎರಡೂ ರೋಗಗಳನ್ನು ಒಂದೇ ಗುಂಪಿಗೆ ಹಾಕಬೇಡಿ.

ಐಎಲ್-10 ಜಾಗದ ಕಡೆ ಗಮನವಿರಲಿ. ಟಿಯ ಎದುರು ಎಳೆಯಲ್ಲಿ ಎ, ಎಯ ಎದುರು ಟಿ. ಎರಡು ಬ್ಯಾಚ್‌ಗಳನ್ನು ಬೇರೆ ಬೇರೆ ಎಳೆಯಿಂದ ಓದಿದ್ದರೆ ಅಕ್ಷರ ನೋಡಿ ಪತ್ತೆಯಾಗುವುದಿಲ್ಲ, ಸುಳ್ಳು ವ್ಯತ್ಯಾಸ ಹುಟ್ಟುತ್ತದೆ. ಎರಡೂ ಬ್ಯಾಚ್‌ನಲ್ಲಿ ಕೆಲವು ಮಾದರಿಗಳನ್ನು ಮತ್ತೆ ಓಡಿಸಿ ಹೋಲಿಸಿ.

ಟಿಎನ್‌ಎಫ್ ಕಥೆ ಇನ್ನೂ ಜಟಿಲ. ಲಿಂಫೋಮಾ ಸಂಶೋಧಕರ ಅಂತರರಾಷ್ಟ್ರೀಯ ಒಕ್ಕೂಟವಾದ ಇಂಟರ್‌ಲಿಂಫ್‌ನ 2006ರ ಒಟ್ಟು ವಿಶ್ಲೇಷಣೆಯಲ್ಲಿ −308 ಎ ಇದ್ದವರಿಗೆ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಹೆಚ್ಚು ಎಂದು ಬಂತು. ಆದರೆ ಟಿಎನ್‌ಎಫ್ ಜೀನ್ ಇರುವುದು 6ನೇ ಕ್ರೋಮೋಸೋಮಿನ 6ಪಿ21ರಲ್ಲಿ, ಎಚ್‌ಎಲ್‌ಎ (ಪ್ರತಿರಕ್ಷಣೆಯ ಗುರುತಿನ) ಜೀನ್‌ಗಳ ನಡುವೆ. −308 ಎ ಬಹಳ ಸಲ ಎಚ್‌ಎಲ್‌ಎಯ ಎ1-ಬಿ8-ಡಿಆರ್3 ಕಟ್ಟಿನ ಜೊತೆಗೇ ಬರುತ್ತದೆ. ಎಚ್‌ಎಲ್‌ಎ ಟೈಪಿಂಗ್ ಇಲ್ಲದೆ ಟಿಎನ್‌ಎಫ್ ಮೇಲೆ ತಪ್ಪು ಹೊರಿಸಲಾಗದು.

ಪ್ರಶ್ನಿಸಿದವರು
ಟಿಎನ್‌ಎಫ್ ಎ/ಎ (ಎರಡೂ ಪ್ರತಿಯಲ್ಲಿ ಎ) ಬಂದವರಿಗೆ ಫಲಿತಾಂಶ ತಿಳಿಸಬೇಕೇ?

ಉತ್ತರ 3
ಬೇಡ. ಅಪಾಯ 1.6 ಪಟ್ಟು ಅಂತಲೇ ಇಟ್ಟುಕೊಳ್ಳಿ. 1,000 ಜನರಲ್ಲಿ 5 ಇದ್ದದ್ದು 8 ಆಗುತ್ತದೆ. ಅದಕ್ಕೆ ಮಾಡಬೇಕಾದ ತಪಾಸಣೆಯೂ ಇಲ್ಲ. ಫಾಸ್ ಜೀನ್‌ನ ಮ್ಯುಟೇಶನ್ ಸಿಕ್ಕಿದರೆ ಮಾತು ಬೇರೆ: ಅದರಿಂದ ಬರುವ ಎಎಲ್‌ಪಿಎಸ್‌ನಲ್ಲಿ (ಲಿಂಫೋಸೈಟ್‌ಗಳು ಸಾಯದೆ ತುಂಬಿಕೊಳ್ಳುವ ಅನುವಂಶೀಯ ರೋಗ) ಲಿಂಫೋಮಾ ಅಪಾಯ ಹತ್ತಾರು ಪಟ್ಟು. ಗುಲ್ಮ, ಲಿಂಫ್ ಗಂಟುಗಳು ಬಹುಕಾಲ ಊದಿಕೊಂಡಿದ್ದರೆ ಫ್ಲೋ ಸೈಟೋಮೆಟ್ರಿಯಲ್ಲಿ ಸಿಡಿ4, ಸಿಡಿ8 ಎರಡೂ ಇಲ್ಲದ ಆಲ್ಫಾ-ಬೀಟಾ ಟಿ-ಕೋಶ ಎಣಿಸಿ. ಒಟ್ಟು ಲಿಂಫೋಸೈಟ್‌ಗಳಲ್ಲಿ 1.5% ಅಥವಾ ಹೆಚ್ಚಿದ್ದರೆ ಜೆನೆಟಿಕ್ಸ್ ವಿಭಾಗಕ್ಕೆ ಕಳಿಸಿ.