ಬಿಸಿಯಾದರೆ ನಿಲ್ಲುವ ಎಂಜಿನ್, ಏಳದ ಲಿಫ್ಟ್: ಹಳೇ ಚಿಕ್ಕ ಟ್ರ್ಯಾಕ್ಟರ್ ಇಟ್ಟುಕೊಂಡವರು ಹೇಳಿದ್ದು

ತುರುವೇಕೆರೆ ಕಡೆಯಿಂದ ಪ್ರಶ್ನೆ

ನಮ್ಮದು ತೆಂಗು, ಅಡಿಕೆ ತೋಟ. ಸಾಲುಗಳ ಮಧ್ಯೆ ಓಡಾಡಲಿ ಅಂತ ಹೋದ ವರ್ಷ ಒಂದು ಹಳೇ ಚಿಕ್ಕ ಟ್ರ್ಯಾಕ್ಟರ್ ತೆಗೆದುಕೊಂಡೆ. 18 ಎಚ್‌ಪಿ, 3 ಸಿಲಿಂಡರ್. ಬೆಳಗ್ಗೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಗುತ್ತದೆ. ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರ್ ಹಾಕಿ ಅರ್ಧ, ಮುಕ್ಕಾಲು ಗಂಟೆ ಹೊಡೆದರೆ ನಿಧಾನಕ್ಕೆ ದಮ್ಮು ಕಳೆದುಕೊಂಡು ನಿಂತೇಬಿಡುತ್ತದೆ. 20 ನಿಮಿಷ ಬಿಟ್ಟರೆ ಮತ್ತೆ ಏನೂ ಆಗದ ಹಾಗೆ ಓಡುತ್ತದೆ. ಜೊತೆಗೆ ರೋಟವೇಟರ್ ಎತ್ತುವ ಲಿಫ್ಟ್ ಕಾಟ. ತಣ್ಣಗಿದ್ದಾಗ ಚೆನ್ನಾಗಿ ಏಳುತ್ತದೆ. ಬಿಸಿಯಾದ ಮೇಲೆ ರೋಟವೇಟರ್ ಅರ್ಧಕ್ಕೇ ನಿಲ್ಲುತ್ತದೆ. ಎತ್ತಿಟ್ಟು ಎಂಜಿನ್ ಆಫ್ ಮಾಡಿದರೆ 5 ನಿಮಿಷದಲ್ಲಿ ನೆಲಕ್ಕೆ. ಮೆಕ್ಯಾನಿಕ್ ನೋಡಿ, ಎಂಜಿನ್ನಿನ ಬೋರ್ ಕೆಲಸ (ಸವೆದ ಸಿಲಿಂಡರ್ ಸರಿ ಮಾಡೋದು) ಮಾಡಿಸಬೇಕು, ಲಿಫ್ಟಿನ ಹೈಡ್ರಾಲಿಕ್ ಪಂಪೂ ಹೊಸದು ಹಾಕಬೇಕು ಅಂದರು. ಗಾಡಿಗೆ ಕೊಟ್ಟ ದುಡ್ಡಿನ ಅರ್ಧ ಅದಕ್ಕೇ ಹೋಗುತ್ತದೆ. ಇದನ್ನೆಲ್ಲ ಅನುಭವಿಸಿದವರು ಇದ್ದರೆ ಹೇಳಿ.

ಚನ್ನರಾಯಪಟ್ಟಣದಿಂದ

ಅಣ್ಣ, ಬೋರ್ ಕೆಲಸಕ್ಕೆ ಈಗಲೇ ಒಪ್ಪಬೇಡಿ. ಬೋರ್ ಸವೆದ ಎಂಜಿನ್ ಬೆಳಗ್ಗೆ ತಣ್ಣಗಿದ್ದಾಗಲೇ ಸತಾಯಿಸುತ್ತದೆ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುತ್ತದೆ. ನೀಲಿ ಹೊಗೆ ಬಿಡುತ್ತದೆ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದಲೂ ಹೊಗೆ ಉಗುಳುತ್ತದೆ, ಆಯಿಲ್ ಕುಡಿಯುತ್ತದೆ. ನಿಮ್ಮದು ಒಂದೇ ಸೆಲ್ಫಿಗೆ ಏಳುತ್ತೆ ಅಂತೀರಿ. ನನಗನ್ನಿಸೋದು, ನಿಮ್ಮ ಎಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ. ನಿಲ್ಲುವ ಮುಂಚೆ ಹೊಗೆ ಏನು ಬಣ್ಣ ನೋಡಿ. ಹೊಗೆಯೇ ಇಲ್ಲದೆ, ಯಾರೋ ಆಕ್ಸಿಲರೇಟರ್ ಮೆಲ್ಲಗೆ ಇಳಿಸಿದ ಹಾಗೆ ಸಾಯುತ್ತಿದ್ದರೆ ಅದೇ.

ನನ್ನ ಗಾಡಿ ಎರಡು ತಿಂಗಳು ಹೀಗೇ ಆಟ ಆಡಿಸಿತು. ಫಿಲ್ಟರ್ ಎರಡು ಸಲ ಬದಲಿಸಿದೆ. ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಪಂಪ್ ಶಾಪಿಗೆ ಕೊಟ್ಟು ಟೆಸ್ಟ್ ಮಾಡಿಸಿದೆ. ಏನೂ ತಪ್ಪಿಲ್ಲ ಅಂದರು. ಕೊನೆಗೆ ಬೇಸತ್ತು ಟ್ಯಾಂಕ್ ಇಳಿಸಿ ಬೋರಲು ಹಾಕಿದರೆ ಒಳಗಿಂದ ಬಿದ್ದದ್ದು ರೂಪಾಯಿ ಅಗಲದ ಪ್ಲಾಸ್ಟಿಕ್ ಹಾಳೆ. ಡೀಸೆಲ್ ಕ್ಯಾನಿನ ಸೀಲು. ಎಂಜಿನ್ ಎಳೆಯುವಾಗ ಹೋಗಿ ಟ್ಯಾಂಕಿನ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಎಂಜಿನ್ ನಿಂತರೆ ಎಳೆತ ಇರಲ್ಲ, ತಾನೇ ಬಿಟ್ಟುಕೊಳ್ಳುತ್ತಿತ್ತು. ನಾನು ಬೀಡಿ ಸೇದಿ ಬರುವಷ್ಟರಲ್ಲಿ ಗಾಡಿ ಸರಿ!

ನೀವು ಮೊದಲು ಮಾಡಬೇಕಾದ್ದು ಪುಕ್ಕಟೆ ಕೆಲಸ. ದಮ್ಮು ಇಳಿಯೋಕೆ ಶುರುವಾದ ತಕ್ಷಣ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡು ಎಂಜಿನ್ ಚೇತರಿಸಿಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಅದು ಅಲ್ಲದಿದ್ದರೆ ಟ್ಯಾಂಕಿನ ಪೈಪನ್ನು ಫಿಲ್ಟರ್ ಹತ್ತಿರ ಕಳಚಿ. ಟ್ಯಾಂಕ್ ಮೇಲೆ ಇರುವ ಗಾಡಿಯಲ್ಲಿ ಡೀಸೆಲ್ ಧಾರೆಯಾಗಿ ಬೀಳಬೇಕು. ಮೊದಲು ಜೋರಾಗಿ ಬಂದು ಆಮೇಲೆ ಸಣ್ಣಗಾದರೆ ಕಸ ಟ್ಯಾಂಕಿನಲ್ಲೇ ಇದೆ. ಅದೂ ಸರಿ ಇದ್ದರೆ ಒಂದು ಶುದ್ಧ ಕ್ಯಾನಿಗೆ ಡೀಸೆಲ್ ತುಂಬಿ, ಎತ್ತರಕ್ಕೆ ಕಟ್ಟಿ, ಬೇರೆ ಪೈಪಿನಿಂದ ಫಿಲ್ಟರಿಗೆ ಕೊಟ್ಟು ಒಂದು ಗಂಟೆ ಓಡಿಸಿ. ನಿಲ್ಲದೆ ಓಡಿದರೆ ಎಂಜಿನ್ ನಿರಪರಾಧಿ.

ಪೈಪ್ ಬಿಚ್ಚಿದ ಮೇಲೆ ಒಳಗೆ ಸೇರಿದ ಏರ್ (ಗಾಳಿ) ತೆಗೆಯೋದು ಮರೀಬೇಡಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪು ಇದ್ದರೆ ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಬಿಡಿ, ಬಿಗಿ ಮಾಡಿ. ಆಮೇಲೆ ಡೀಸೆಲ್ ಪಂಪಿನದ್ದು. (ನಮ್ಮ ಕಡೆ ಯಾವ ಕಂಪನಿಯ ಪಂಪಾದರೂ ‘ಮೈಕೋ ಪಂಪು’ ಅಂತಲೇ ಕರೆಯೋದು.) ಆಗಲೂ ಚಾಲೂ ಆಗದಿದ್ದರೆ ನಾಜಲ್ ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಡೀಸೆಲ್ ಬರುತ್ತಾ ಅಂತ ಅಲ್ಲಿ ಬೆರಳು ಮಾತ್ರ ಇಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಕೊಳೆಯುತ್ತದೆ. ಹಾಗೇನಾದರೂ ಆದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಹಾವೇರಿಯಿಂದ

ಮೇಲಿನವರು ಹೇಳಿದ್ದು ಸರಿ, ಆದ್ರ ಬಿಸಿ ನೋಡೋದು ಬಿಟ್ಟಾರ. ಕಪ್ಪು ಹೊಗೆ ಬಿಟ್ಟು ನಿಂತರೆ ಡೀಸೆಲ್ ಕಡಿಮೆ ಆಗಿಲ್ಲ, ಗಾಳಿ ಕಡಿಮೆ ಆಗೈತಿ. ಏರ್ ಕ್ಲೀನರ್ ಬಿಚ್ಚಿ ನೋಡ್ರಿ. ಆಯಿಲ್ ಹಾಕೋ ಥರದ್ದಿದ್ದರೆ ಗೆರೆ ತನಕ ಮಾತ್ರ ಹಾಕಬೇಕು. ಜಾಸ್ತಿ ಹಾಕಿದ್ರೆ ಎಂಜಿನ್ ಅದನ್ನೇ ಎಳಕೊಳ್ಳುತ್ತದೆ. ರೇಡಿಯೇಟರ್ ಮುಂದಿನ ಜಾಲರಿಗೆ ಹೊಟ್ಟು, ಧೂಳು ಕಟ್ಟಿರುತ್ತೆ. ತೋಟದಾಗ ರೋಟವೇಟರ್ ಹೊಡೆಯುವವರಿಗೆ ಇದು ದಿನದ ಕೆಲಸ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬ್ಯಾಡ್ರಿ.

ಗಂಗಾವತಿಯಿಂದ

ಎಂಜಿನ್ ಬಗ್ಗೆ ಬಂದಾಯಿತು, ನಾನು ಲಿಫ್ಟ್ ಹೇಳುತ್ತೇನೆ. ನಮ್ಮದು ಭತ್ತದ ಗದ್ದೆ, ಕೆಸರಲ್ಲಿ ಹೊಡೆಯೋದು. ಲಿಫ್ಟ್ ರಿಪೇರಿ ನೋಡಿ ನೋಡಿ ಸಾಕಾಗಿದೆ.

ಸರ್, ನಿಮ್ಮದು ಎರಡು ಬೇರೆ ಬೇರೆ ರೋಗ. ಎಂಜಿನ್ ಆಫ್ ಮಾಡಿದಾಗ ಪಂಪ್ ತಿರುಗೋದೇ ಇಲ್ಲ. ಹಾಗಾದರೆ ಆಗ ರೋಟವೇಟರ್ ಇಳಿಯೋದಕ್ಕೆ ಪಂಪ್ ಹೇಗೆ ಕಾರಣ? ಅದು ಲಿಫ್ಟ್ ಸಿಲಿಂಡರಿನ ಪಿಸ್ಟನ್ ಓ ರಿಂಗ್ (ಆಯಿಲ್ ಸೋರದ ಹಾಗೆ ತಡೆಯುವ ರಬ್ಬರ್ ಬಳೆ), ಇಲ್ಲಾ ಕಂಟ್ರೋಲ್ ವಾಲ್ವ್ ಸೋರಿಕೆ. ಎಂಜಿನ್ ಓಡುತ್ತಿರುವಾಗ ಎತ್ತಿಟ್ಟ ರೋಟವೇಟರ್ ಸ್ವಲ್ಪ ಇಳಿದು, ಮತ್ತೆ ಟಕ್ ಅಂತ ಏರಿ, ತಲೆ ಆಡಿಸಿದ ಹಾಗೆ ಮಾಡುತ್ತಿದ್ದರೆ ಅದೂ ಇದೇ ಸೋರಿಕೆ.

ಬಿಸಿಯಾದ ಮೇಲೆ ಏಳದಿರೋದು ಇನ್ನೊಂದು ವಿಷಯ. ಪಂಪ್ ಆಯಿಲ್ ಎಳೆದುಕೊಳ್ಳುವ ಕಡೆಯ ಸಕ್ಷನ್ ಜಾಲರಿ ಕಟ್ಟಿದ್ದರೆ ಬೆಳಗ್ಗೆ ಆಯಿಲ್ ದಪ್ಪ ಇದ್ದಾಗಲೇ ಜಾಸ್ತಿ ತೊಂದರೆ, ಪಂಪ್ ಕುಂಯ್‌ಗುಡುತ್ತದೆ. ನಿಮ್ಮದು ಉಲ್ಟಾ. ಪಂಪ್ ಸವೆದರೂ ಹೀಗೆ ಆಗುತ್ತೆ, ನಿಜ. ಬಿಸಿಗೆ ಆಯಿಲ್ ತೆಳುವಾಗಿ ಪಂಪಿನೊಳಗೇ ಹಿಂದಕ್ಕೆ ಜಾರುತ್ತದೆ. ಆದರೆ ಅದನ್ನು ಕೊನೆಗೆ ನಂಬಿ. ಮೊದಲು ಒಂದು ಗಂಟೆ ಓಡಿಸಿ, ಲಿಫ್ಟಿನ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ನೊರೆ ಇದ್ದರೆ ಪಂಪ್ ಗಾಳಿ ಎಳೆಯುತ್ತಿದೆ: ಆಯಿಲ್ ಮಟ್ಟ ಕಡಿಮೆ, ಅಥವಾ ಸಕ್ಷನ್ ಪೈಪಿನ ಓ ರಿಂಗ್ ಗಟ್ಟಿಯಾಗಿದೆ. ಬಣ್ಣ ಹಾಲು ಹಾಕಿದ ಕಾಫಿ ಥರ ಇದ್ದರೆ ನೀರು ಸೇರಿದೆ. ಗೇರ್ ಲಿವರಿನ ರಬ್ಬರ್ ಹರಿದಿದ್ದರೆ ಮಳೆ ನೀರು, ಗಾಡಿ ತೊಳೆದ ನೀರು ಸೀದಾ ಅಲ್ಲಿಗೇ ಇಳಿಯುತ್ತದೆ. ಈ ಚಿಕ್ಕ ಗಾಡಿಗಳಲ್ಲಿ ಬಹುಪಾಲು ಗೇರ್ ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್. ಸುಮ್ನೆ ಅಂಗಡಿಯವನು ಕೊಟ್ಟ 90 ನಂಬರ್ ಗೇರ್ ಆಯಿಲ್ ಸುರಿಯಬೇಡಿ. ಗಾಡಿಯ ಪುಸ್ತಕದಲ್ಲಿ ಇರೋದನ್ನೇ ಹಾಕಿ.

ಸೀಟಿನ ಕೆಳಗೆ ಇಳಿಯುವ ವೇಗದ ನಾಬ್ ಇರುತ್ತದಲ್ಲ, ಅದನ್ನೂ ನೋಡಿ. ನಮ್ಮ ಡ್ರೈವರ್ ಅದನ್ನು ಪೂರ್ತಿ ಬಿಗಿ ಮಾಡಿಟ್ಟು ‘ಲಿಫ್ಟ್ ಇಳೀತಾನೇ ಇಲ್ಲ’ ಅಂತ ಮೆಕ್ಯಾನಿಕ್‌ನ ಕರೆಸಿದ್ದ!

ಶಿರಸಿಯಿಂದ

ಒಂದು ಮಾತು ಹೇಳಿ ಹೋಗುತ್ತೇನೆ. ನನ್ನ ತಮ್ಮ ಹೀಗೇ ಎತ್ತಿಟ್ಟ ರೋಟವೇಟರಿನ ಬ್ಲೇಡಿಗೆ ಸುತ್ತಿದ ಹಂಬು ಬಿಡಿಸಲು ಕೈ ಹಾಕಿದ್ದ. ಎಂಜಿನ್ ಆಫ್ ಇತ್ತು. ಮೆಲ್ಲಗೆ ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ, ಪಾದದ ಮೇಲೆ ಕೂತಿತು. ಎರಡು ಬೆರಳು ಹೋದವು. ನಿಮ್ಮದು 5 ನಿಮಿಷಕ್ಕೆ ಇಳಿಯುತ್ತೆ ಅಂತ ನೀವೇ ಬರೆದಿದ್ದೀರಿ. ಕೆಳಗೆ ಮರದ ದಿಮ್ಮಿ ಕೊಡದೆ ಯಾರನ್ನೂ ಹತ್ತಿರ ಬಿಡಬೇಡಿ.

ತುರುವೇಕೆರೆಯಿಂದ ಮತ್ತೆ

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ಗಾಳಿ ಎಳೆಯಿತು, ಎಂಜಿನ್ ಎದ್ದು ಕೂತಿತು. ತೂತಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು! ಸಣ್ಣ ತಂತಿ ಹಾಕಿ ತೆಗೆದೆ. ಆಮೇಲೆ ಒಮ್ಮೆಯೂ ನಿಂತಿಲ್ಲ. ಬೋರ್ ಕೆಲಸದ ಮಾತು ಅಲ್ಲಿಗೆ ಮುಗಿಯಿತು.

ಲಿಫ್ಟ್ ಆಯಿಲ್ ನೊರೆ ನೊರೆ, ಕಾಫಿ ಬಣ್ಣ, ಎರಡೂ. ಗೇರ್ ಲಿವರಿನ ರಬ್ಬರ್ ಹೆಸರಿಗಷ್ಟೇ ಇತ್ತು. ಎಲ್ಲ ಇಳಿಸಿ, ಜಾಲರಿ ತೊಳೆದು, ಸಕ್ಷನ್ ಪೈಪಿನ ಓ ರಿಂಗ್ ಹೊಸದು ಹಾಕಿದೆವು. ಹಳೇದು ಬಳೆ ಚೂರಿನ ಹಾಗೆ ಮುರಿಯಿತು. ಈಗ ಬಿಸಿಯಲ್ಲೂ ರೋಟವೇಟರ್ ಏಳುತ್ತದೆ. ಆಫ್ ಮಾಡಿದರೆ ಇಳಿಯೋದು ಮಾತ್ರ ಹಾಗೇ ಇದೆ. ಈ ಮಳೆ ಕೆಲಸ ಮುಗಿಸಿ ಸಿಲಿಂಡರ್ ಬಿಚ್ಚಿಸುತ್ತೇನೆ, ಅಲ್ಲಿಯವರೆಗೆ ದಿಮ್ಮಿ ಟ್ರ್ಯಾಕ್ಟರಲ್ಲೇ ಇರುತ್ತದೆ. ಪಿಸ್ಟನ್ ಓ ರಿಂಗ್ ಈಗಲೇ ತಂದಿಡಲಾ?

ಗಂಗಾವತಿಯಿಂದ

ಬೇಡ ಸರ್. ಬಿಚ್ಚಿದ ಮೇಲೆ ಹಳೇ ರಿಂಗನ್ನೂ ಪಿಸ್ಟನ್ನನ್ನೂ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ರಿಂಗ್ ಪಕ್ಕದಲ್ಲಿ ಚಪ್ಪಟೆಯಾದ ಇನ್ನೊಂದು ಬ್ಯಾಕಪ್ ರಿಂಗ್ ಇದ್ದರೆ ಅದನ್ನೂ ಕೇಳಿ ತನ್ನಿ. ಅದನ್ನು ಬಿಟ್ಟು ಕೂರಿಸಿದರೆ ಹೊಸ ಓ ರಿಂಗ್ ಒಂದೇ ಸೀಸನ್ನಿಗೆ ತುಂಡಾಗುತ್ತದೆ. ಸಿಲಿಂಡರ್ ಒಳಗೆ ಉಗುರು ಆಡಿಸಿ ನೋಡಿ. ಗೀರು ಸಿಕ್ಕಿದರೆ ರಿಂಗ್ ಹಾಕಿ ಉಪಯೋಗ ಇಲ್ಲ, ಮೊದಲು ಆ ಗೀರಿನ ಕೆಲಸ.