ಮರ್ಜ್ ಆಗದ ಪುಲ್ ರಿಕ್ವೆಸ್ಟ್‌ನಿಂದ ಪ್ಯಾಕೇಜ್ ಹಾಕಿಕೊಂಡವರು ಇದ್ದೀರಾ?

ಪ್ರಶ್ನೆ: ನಾವು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಒಂದು ಬಗ್ ಇದೆ. ಯಾರೋ ಸರಿಪಡಿಸಿ ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದ್ದಾರೆ, ಆದರೆ ಅದು ಮರ್ಜ್ ಆಗುವ, ಅಂದರೆ ಮೂಲ ಕೋಡಿಗೆ ಸೇರುವ ಲಕ್ಷಣ ಕಾಣುತ್ತಿಲ್ಲ. ನಮ್ಮ ರಿಲೀಸ್ ಹತ್ತಿರ ಬಂತು. ಆ ಕೋಡನ್ನೇ ನೇರವಾಗಿ ಇನ್‌ಸ್ಟಾಲ್ ಮಾಡಬಹುದಾ? ಮಾಡಿದವರು ಹೇಳಿ.

ಉತ್ತರ: ಧಾರಾಳವಾಗಿ ಮಾಡಬಹುದು. ಪ್ರತಿ ಪುಲ್ ರಿಕ್ವೆಸ್ಟ್‌ಗೂ ಗಿಟ್‌ಹಬ್ ಮೂಲ ರೆಪೊದಲ್ಲೇ (ಕೋಡ್ ಸಂಗ್ರಹದಲ್ಲೇ) ಒಂದು ರೆಫ್, ಅಂದರೆ ಆ ಕೋಡನ್ನು ತೋರಿಸುವ ಹೆಸರು, ಇಡುತ್ತದೆ. ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ತರುವ ಸಾಧನ) ಇನ್‌ಸ್ಟಾಲ್ ಕಮಾಂಡ್‌ಗೆ ರೆಪೊ ಹೆಸರು ಕೊಟ್ಟು, ಹ್ಯಾಶ್ ಚಿಹ್ನೆ (#) ಹಾಕಿ, ಮುಂದೆ ಪುಲ್ ಸ್ಲ್ಯಾಶ್ ನಂಬರ್ ಸ್ಲ್ಯಾಶ್ ಹೆಡ್ ಅಂತ ಬರೆದರೆ ಸಾಕು. ಪರೀಕ್ಷೆ ಮುಗಿದ ಮೇಲೆ ಅದನ್ನು ಹಾಗೇ ಬಿಡಬೇಡಿ. ಪುಲ್ ರಿಕ್ವೆಸ್ಟ್ ಹಾಕಿದವರು ನಾಳೆ ಫೋರ್ಸ್ ಪುಶ್ ಮಾಡಿದರೆ (ಹಳೆಯ ಕೋಡಿನ ಮೇಲೆ ಹೊಸದನ್ನು ಹೇರಿದರೆ) ಹೆಡ್ ಬೇರೆ ಕೋಡಿಗೆ ಹೋಗುತ್ತದೆ. ಹೆಡ್ ಬದಲು, ಕೆಲಸ ಮಾಡಿದ ಕಮಿಟ್‌ನ (ಕೋಡಿನ ಆ ಒಂದು ಸ್ಥಿತಿಯ) 40 ಅಕ್ಷರದ ಗುರುತು, ಅಂದರೆ ಕಮಿಟ್ ಹ್ಯಾಶನ್ನೇ ಬರೆದಿಡಿ.

ನಿಜವಾದ ತಲೆನೋವು ಬಿಲ್ಡ್, ಅಂದರೆ ಮೂಲ ಕೋಡನ್ನು ಬಳಕೆಗೆ ಸಿದ್ಧ ಮಾಡುವ ಹಂತ. ಎನ್‌ಪಿಎಂನಿಂದ ಬರುವ ಪ್ಯಾಕೇಜಿನಲ್ಲಿ ಬಿಲ್ಡ್ ಆದ ಕೋಡಿನ ಡಿಸ್ಟ್ ಫೋಲ್ಡರ್ ಇರುತ್ತದೆ, ಗಿಟ್ ರೆಪೊದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗಿಟ್‌ನಿಂದ ತರುವಾಗ ಎನ್‌ಪಿಎಂ 'ಪ್ರಿಪೇರ್' ಸ್ಕ್ರಿಪ್ಟನ್ನು ಓಡಿಸುತ್ತದೆ. ಬಿಲ್ಡ್ ಅದರಲ್ಲಿದ್ದರೆ ಸರಿ. ಪ್ಯಾಕೇಜ್ ಪ್ರಕಟಿಸುವಾಗಷ್ಟೇ ಓಡುವ 'ಪ್ರಿಪಬ್ಲಿಷ್‌ಓನ್ಲಿ'ಯಲ್ಲಿ ಮಾತ್ರ ಇದ್ದರೆ ಇನ್‌ಸ್ಟಾಲ್ ಏನೋ ಆಗುತ್ತದೆ, ಆದರೆ ಇಂಪೋರ್ಟ್ ಮಾಡಿದಾಗ ಮಾಡ್ಯೂಲ್ ಸಿಗಲ್ಲ. ಆಗ ರೆಪೊ ಕ್ಲೋನ್ ಮಾಡಿ, ಬಿಲ್ಡ್ ಮಾಡಿ, ಎನ್‌ಪಿಎಂ ಪ್ಯಾಕ್‌ನಿಂದ ಬರುವ ಟಾರ್‌ಬಾಲನ್ನು (ಒಂದೇ ಫೈಲಾಗಿ ಕಟ್ಟಿದ ಪ್ಯಾಕೇಜನ್ನು) ಬಳಸಿ. ನನಗೆ ಈ ದಾರಿಯೇ ಜಾಸ್ತಿ ಇಷ್ಟ.

ಉತ್ತರ: ಮಾನೊರೆಪೊ (ಒಂದೇ ರೆಪೊದಲ್ಲಿ ಹಲವು ಪ್ಯಾಕೇಜ್) ಆಗಿದ್ದರೆ ಎನ್‌ಪಿಎಂ ಒಳಗಿನ ಫೋಲ್ಡರಿನ ಪ್ಯಾಕೇಜನ್ನು ಎತ್ತುವುದಿಲ್ಲ. ಎನ್‌ಪಿಎಂ ಥರದ್ದೇ ಇನ್ನೊಂದು ಸಾಧನ ಪಿಎನ್‌ಪಿಎಂನಲ್ಲಿ ಆ ಫೋಲ್ಡರಿನ ಪಾತ್ ಕೊಡಬಹುದು. ಮೊದಲು ಪುಲ್ ರಿಕ್ವೆಸ್ಟ್‌ನ ಕಾಮೆಂಟ್‌ಗಳನ್ನು ನೋಡಿ. ಸ್ಟ್ಯಾಕ್‌ಬ್ಲಿಟ್ಜ್‌ನವರ ಪಿಕೆಜಿ ಡಾಟ್ ಪಿಆರ್ ಡಾಟ್ ನ್ಯೂ ಎಂಬ ಸೇವೆ ಬಳಸುವ ಪ್ರಾಜೆಕ್ಟ್ ಆಗಿದ್ದರೆ, ಬಿಲ್ಡ್ ಆದ ಪ್ಯಾಕೇಜಿನ ಲಿಂಕ್ ಅಲ್ಲೇ ಇರುತ್ತದೆ.

ಉತ್ತರ: ಆ್ಯಪನ್ನು ಡಾಕರ್ ಕಂಟೇನರ್‌ನಲ್ಲಿ ಓಡಿಸುತ್ತೀರಾ? ನೋಡ್‌ನ ಸ್ಲಿಮ್, ಆಲ್ಪೈನ್ ಇಮೇಜ್‌ಗಳಲ್ಲಿ ಗಿಟ್ ಇರಲ್ಲ, ಅದಿಲ್ಲದೆ ರೆಪೊದಿಂದ ಇನ್‌ಸ್ಟಾಲ್ ಆಗಲ್ಲ. ನಮ್ಮಲ್ಲಿ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡಿದ್ದು ಸಿಐನಲ್ಲಿ (ತಾನಾಗೇ ಬಿಲ್ಡ್, ಪರೀಕ್ಷೆ ಮಾಡುವ ಸರ್ವರ್‌ನಲ್ಲಿ) ನಿಂತಿತ್ತು. ಇನ್‌ಸ್ಟಾಲ್ ಆದ ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲಿನಲ್ಲಿ ಎಸ್‌ಎಸ್‌ಎಚ್ ವಿಳಾಸ (ಕೀ ಕೇಳುವಂಥದ್ದು) ಬಂದಿದೆಯಾ ಅಂತಲೂ ನೋಡಿ.

ಉತ್ತರ: ಎಲ್ಲರೂ ಹೇಗೆ ಅಂತ ಹೇಳಿದ್ದೀರಿ. ದಯವಿಟ್ಟು ಡಿಫ್ (ಬದಲಾದ ಸಾಲುಗಳ ಪಟ್ಟಿ) ಪೂರ್ತಿ ಓದಿ ಅಂತಲೂ ಹೇಳೋಣ. ಪುಲ್ ರಿಕ್ವೆಸ್ಟನ್ನು ಯಾರು ಬೇಕಾದರೂ ತೆರೆಯಬಹುದು. ವಿಳಾಸದಲ್ಲಿ ಮೂಲ ಮಾಲೀಕರ ಹೆಸರಿದೆ ಅಂದ ಮಾತ್ರಕ್ಕೆ ಅವರು ಒಪ್ಪಿದ ಕೋಡ್ ಅಲ್ಲ ಅದು. ಪ್ರಿಪೇರ್ ಸ್ಕ್ರಿಪ್ಟ್ ಓಡುವುದು ನಿಮ್ಮ ಮೆಷಿನ್‌ನಲ್ಲಿ, ನಿಮ್ಮ ಟೋಕನ್‌ಗಳ (ಲಾಗಿನ್ ಕೀಗಳ) ಪಕ್ಕದಲ್ಲಿ. ಹೊಸ ಡಿಪೆಂಡೆನ್ಸಿ (ಲೈಬ್ರರಿ ನೆಚ್ಚಿಕೊಂಡ ಇನ್ನೊಂದು ಪ್ಯಾಕೇಜ್) ಸೇರಿದ್ದರೆ ಅದನ್ನೂ ತೆರೆದು ನೋಡಿ. 2018ರಲ್ಲಿ ಇವೆಂಟ್ ಸ್ಟ್ರೀಮ್ ಪ್ಯಾಕೇಜಿಗೆ ಕೆಟ್ಟ ಕೋಡ್ ನುಸುಳಿದ್ದು ಹಾಗೆ ಸೇರಿಸಿದ ಒಂದು ಡಿಪೆಂಡೆನ್ಸಿಯ ಮೂಲಕವೇ.

ಉತ್ತರ: ನಾಲ್ಕು ಸಾಲಿನ ಬದಲಾವಣೆಗೆ ಇಷ್ಟೆಲ್ಲ ಬೇಡ ಅಲ್ವಾ? ಇನ್‌ಸ್ಟಾಲ್ ಆದ ಲೈಬ್ರರಿಯಲ್ಲೇ ಸಾಲು ತಿದ್ದಿ ಉಳಿಸುವ 'ಪ್ಯಾಚ್ ಪ್ಯಾಕೇಜ್' ಎಂಬ ಸಾಧನ ಬಳಸಿ. ಪಿಎನ್‌ಪಿಎಂ, ಹೊಸ ಯಾರ್ನ್‌ಗಳಲ್ಲಿ ಪ್ಯಾಚ್ ಸೌಲಭ್ಯ ಒಳಗೇ ಇದೆ. ಬದಲಾದ ಸಾಲುಗಳು ನಿಮ್ಮ ರೆಪೊದಲ್ಲೇ ಇರುತ್ತವೆ, ರಿವ್ಯೂ ಮಾಡುವವರಿಗೂ ಕಾಣುತ್ತವೆ. ಇನ್ನೊಂದು ಮಾತು: ನಿಮ್ಮಲ್ಲಿ ಓಡಿದರೆ ಆ ಪುಲ್ ರಿಕ್ವೆಸ್ಟ್‌ನಲ್ಲಿ ಒಂದು ಕಾಮೆಂಟ್ ಬರೆಯಿರಿ. ಸುಮ್ನೆ ಪ್ಲಸ್ ಒನ್ ಬೇಡ. ಯಾವ ನೋಡ್ ಆವೃತ್ತಿ, ಯಾವ ಕೇಸ್, ಮೊದಲು ಏನಾಗುತ್ತಿತ್ತು, ಈಗ ಏನಾಗುತ್ತದೆ ಅಂತ ಬರೆಯಿರಿ. ಮೇಂಟೇನರ್ (ಲೈಬ್ರರಿ ನೋಡಿಕೊಳ್ಳುವವರು) ಬಹಳ ಸಲ ಕಾಯುತ್ತಿರುವುದು ಅದಕ್ಕೇ.